ತೆಗೆದ ಮಾತು

ಮೇಲ್ದವಡೆಯ ಅಚ್ಚಿಗೆ ಪ್ಲಾಸ್ಟರ್ ಸುರಿದು, ಅದು ಗಟ್ಟಿಯಾಗಲೆಂದು ಬಿಟ್ಟ ನಲವತ್ತು ನಿಮಿಷದಲ್ಲಿ ಜರಡಿ ಫೋನಿನಲ್ಲೇ ಎಂಟು ಜನರ ಬರಹ ತೆಗೆದು ಬಾಯಿ ಮುಚ್ಚಿಸಿದಳು. ಒಬ್ಬ ರಸ್ತೆಗುಂಡಿಯ ಮಾತಿನಿಂದ ಶುರುಮಾಡಿ ನಗರಸಭೆಯ ಅಧ್ಯಕ್ಷರ ತಾಯಿಯವರೆಗೆ ಹೋಗಿದ್ದ. ಇಬ್ಬರು ಒಬ್ಬರಿಗೊಬ್ಬರು ಮೂವತ್ತೆರಡು ಹಲ್ಲೂ ಉದುರಿಸುವುದಾಗಿ ಸವಾಲು ಹಾಕಿಕೊಂಡಿದ್ದರು. ಅದನ್ನು ಓದಿ ಅವಳಿಗೆ ಸಣ್ಣಗೆ ನಗು ಬಂತು. ಉದುರಿಸಿಕೊಳ್ಳಿ, ಕಟ್ಟಿಕೊಡುವವಳು ನಾನು ಇಲ್ಲೇ ಇದ್ದೇನಲ್ಲ ಅಂದುಕೊಂಡಳು. ಉಳಿದವರದು ಎಂದಿನ ಬೈಗುಳ. ಎಂಟನೆಯದು ಬಾವಿಕಪ್ಪೆ ಎಂಬ ಹೆಸರಿನವನ ಬರಹ.

ಅವಳ ಕೆಲಸ ಹಲ್ಲು ಮಾಡುವುದು. ದಂತವೈದ್ಯರು ಕಳಿಸಿದ ಅಚ್ಚುಗಳ ಮೇಲೆ ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಮೇಲಿನದೂ ಕೆಳಗಿನದೂ ಸರಿಯಾಗಿ ಕೂಡುತ್ತವೆಯೇ ಎಂದು ಕಚ್ಚಿಸಿ ನೋಡುವುದು. ಇಪ್ಪತ್ತೆರಡು ವರ್ಷದಿಂದ ಅದೇ ಲ್ಯಾಬು, ಕಿಟಕಿಯ ಪಕ್ಕದ ಅದೇ ಬೆಂಚು. ಇನ್ನೊಂದು ಕೆಲಸ ಸಂಬಳವಿಲ್ಲದ್ದು. ಅವಳ ಗಂಡನ ಅಣ್ಣ, ವೃತ್ತಿಯಿಂದ ವಕೀಲರು, ಏಳು ವರ್ಷದ ಹಿಂದೆ ಇಂಟರ್ನೆಟ್ಟಿನಲ್ಲಿ 'ಎದುರುಮಾತು' ಎಂಬ ರಾಜಕೀಯ ಚರ್ಚೆಯ ತಾಣ ತೆರೆದಿದ್ದರು. ಊರಿನವರು ತೆರಿಗೆ, ಚರಂಡಿ, ಮತ, ಮಂತ್ರಿ ಎಲ್ಲದರ ಬಗ್ಗೆ ಅಲ್ಲಿ ಬಡಿದಾಡುತ್ತಿದ್ದರು. ಈಗ ಒಂಬತ್ತು ಸಾವಿರ ಜನ ಸದಸ್ಯರು. ಬರುವ ಮಾತುಗಳಲ್ಲಿ ಕಲ್ಲು ಯಾವುದು ಕಾಳು ಯಾವುದು ನೋಡುವುದು ಅವಳ ಪಾಲಿಗೆ ಬಂದಿತ್ತು. ಭಾವನೇ ತಮಾಷೆಗೆ ಜರಡಿ ಎಂದು ಹೆಸರಿಟ್ಟರು. ಹೆಂಗಸೆಂದು ಯಾರಿಗೂ ಗೊತ್ತಿರಲಿಲ್ಲ. ಒಳ್ಳೆಯವರು ಜರಡಿ ಸಾರ್ ಎನ್ನುತ್ತಿದ್ದರು. ಹೊರಗೆ ಹಾಕಿಸಿಕೊಂಡವರು, ಗಂಡಸಾಗಿದ್ದರೆ ಮೀಸೆ ಬೋಳಿಸಿಕೋ ಎಂದು ಬರೆಯುತ್ತಿದ್ದರು.

ಬಾವಿಕಪ್ಪೆಯ ಬರಹದಲ್ಲಿ ಬೈಗುಳವಿರಲಿಲ್ಲ. ನಾಲ್ಕೇ ವಾಕ್ಯ. 'ಮೂರನೇ ಟ್ಯಾಂಕಿನ ನೀರನ್ನು ಕುದಿಸದೆ ಕುಡಿಯಬೇಡಿ. ಹದಿನಾಲ್ಕನೇ ತಾರೀಕು ಬೆಳಗ್ಗೆ ಆರೂ ಮುಕ್ಕಾಲಿಗೆ ತೆಗೆದ ನೀರು ಕೆಟ್ಟಿತ್ತು. ಕೆಟ್ಟಿದೆ ಎಂದು ಬರೆದ ವರದಿಯನ್ನು ನೀರು ವಿಭಾಗದ ಮುಖ್ಯಸ್ಥರು ಬದಲಿಸಿದ್ದಾರೆ. ಚುನಾವಣೆ ಮುಗಿಯಲಿ ಎಂದಿದ್ದಾರೆ.'

ನಗರಸಭೆ ಚುನಾವಣೆಗೆ ಒಂಬತ್ತು ದಿನ ಉಳಿದಿತ್ತು. ಆ ವಾರ ಇಂಥ ಬರಹಗಳು ಮಳೆಗಾಲದ ಹುಳದ ಹಾಗೆ ಏಳುತ್ತಿದ್ದವು. ಈ ಪಕ್ಷದವರು ಆ ಪಕ್ಷದ ಮೇಲೆ, ಆ ಪಕ್ಷದವರು ಈ ಪಕ್ಷದ ಮೇಲೆ. ಇದರ ಮೇಲೂ ಆಗಲೇ ನಾಲ್ಕು ದೂರು ಬಂದಿದ್ದವು, ಸುಳ್ಳು ಸುದ್ದಿ ಎಂದು. ಅವಳು ಕೈಯ ಪ್ಲಾಸ್ಟರ್ ಒರೆಸಿಕೊಂಡು, ಬೇರೆಯವರಿಗೆ ಕಾಣದಂತೆ ಬಾವಿಕಪ್ಪೆಗೆ ಬರೆದಳು: 'ಆಧಾರ ಇದೆಯೇ?'

ಎರಡು ನಿಮಿಷದಲ್ಲಿ ಉತ್ತರ ಬಂತು. 'ಇದೆ. ತೋರಿಸಿದರೆ ನಾನು ಯಾರೆಂದು ಗೊತ್ತಾಗುತ್ತದೆ.'

'ಹಾಗಾದರೆ ಇಡಲಾಗುವುದಿಲ್ಲ. ಆಧಾರವಿಲ್ಲದೆ ಒಬ್ಬರ ಮೇಲೆ ಆರೋಪ ಮಾಡುವಂತಿಲ್ಲ. ಇದು ಇಲ್ಲಿನ ನಿಯಮ.'

ತೆಗೆ ಎಂಬ ಗುಂಡಿ ಒತ್ತಿದಳು. ಬರಹ ಹನ್ನೊಂದು ನಿಮಿಷ ಇತ್ತು. ತೆಗೆಸಿಕೊಂಡವರು ಸಾಮಾನ್ಯವಾಗಿ ಅವಳ ವಂಶವನ್ನೆಲ್ಲ ಜಾಲಾಡುತ್ತಿದ್ದರು. ಬಾವಿಕಪ್ಪೆ ಬರೆದದ್ದು ಒಂದೇ ಪದ: 'ಸರಿ.'

ಆ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಎರಡು ವರ್ಷದ ಹಿಂದೆ ಬೀಗ ರಿಪೇರಿಯವನೊಬ್ಬನ ಬಗ್ಗೆ ಯಾರೋ ಬರೆದಿದ್ದರು: ಅವನು ಕಳ್ಳರಿಗೆ ನಕಲಿ ಕೀಲಿ ಮಾಡಿಕೊಡುತ್ತಾನೆ, ಪೊಲೀಸರಿಗೆ ಪಾಲು ಹೋಗುತ್ತದೆ ಎಂದು. ಅವಳಿಗೆ ಅದು ಯಾಕೋ ಸರಿಕಂಡಿರಲಿಲ್ಲ. ಭಾವ ಒಪ್ಪಲಿಲ್ಲ. "ಮಾತಿಗೆ ಮದ್ದು ಮಾತೇ ಕಣಮ್ಮ. ಸುಳ್ಳಾದ್ರೆ ಅವನೇ ಬಂದು ಸುಳ್ಳು ಅಂತ ಹೇಳ್ಲಿ" ಎಂದಿದ್ದರು. ಬೀಗದವನಿಗೆ ಅಂಥದೊಂದು ತಾಣ ಇದೆಯೆಂದೇ ಗೊತ್ತಿರಲಿಲ್ಲ. ನಾಲ್ಕು ದಿನದಲ್ಲಿ ಆರುನೂರು ಜನ ಅದಕ್ಕೆ ಒಗ್ಗರಣೆ ಹಾಕಿದರು. ಐದನೇ ದಿನ ಅವನ ಅಂಗಡಿ ಒಡೆದರು, ತಡೆಯಲು ಹೋದವನ ಬಲಗೈ ಮಣಿಕಟ್ಟು ಮುರಿದರು. ಬರೆದವನು ಪಕ್ಕದ ಅಂಗಡಿಯವನೆಂದೂ, ಅವನಿಗೆ ಆ ಜಾಗ ಬೇಕಿತ್ತೆಂದೂ ಆಮೇಲೆ ಗೊತ್ತಾಯಿತು. ಅವಳು ಭಾವನ ಜೊತೆ ನೋಡಲು ಹೋದಾಗ ಬೀಗದವನು ಕೇಳಿದ್ದು ಇಷ್ಟೇ: "ನೀವು ಅದನ್ನ ಓದಿದ್ರಾ? ಓದೀನೂ ಬಿಟ್ರಾ?" ತಿಂಗಳೊಳಗೆ ಅವನು ಊರು ಬಿಟ್ಟ.

ಅಲ್ಲಿಂದ ಬಂದ ದಿನವೇ ಅವಳು ನಿಯಮ ಬರೆದಳು. ಭಾವ ಅದನ್ನು ಎರಡು ಸಲ ಓದಿ, ಬೇಡವೆನ್ನಲೂ ಆಗದೆ ಸೈ ಎನ್ನಲೂ ಆಗದೆ, ತಾಣದ ಪಾಸ್‌ವರ್ಡನ್ನು ಅವಳಿಗೆ ಒಪ್ಪಿಸಿಬಿಟ್ಟರು. "ಅಳಿಸೋ ಕೀಲಿ ನನ್ನ ಕೈಲಿ ಇರಬಾರದು. ಹಿಡಿದ್ರೆ ನಾನು ಇಷ್ಟು ದಿನ ಮಾತಾಡಿದ್ದಕ್ಕೆ ಅರ್ಥ ಇರಲ್ಲ. ನೀನೇ ಇಟ್ಕೊ" ಎಂದರು. ಹೀಗೆ ಅವರ ತತ್ವ ಅವರ ಬಳಿ ಚೊಕ್ಕವಾಗಿ ಉಳಿಯಿತು, ಕಸಬರಿಗೆ ಇವಳ ಕೈಗೆ ಬಂತು.

ಚುನಾವಣೆ ಮುಗಿಯಿತು. ಗೆದ್ದವರೇ ಮತ್ತೆ ಗೆದ್ದರು. ಬಾವಿಕಪ್ಪೆಯ ವಿಷಯ ಅವಳ ನೆನಪಿನಿಂದ ಹೆಚ್ಚುಕಡಿಮೆ ಜಾರಿಹೋಗಿತ್ತು. ಆ ಬರಹ ತೆಗೆದ ಇಪ್ಪತ್ತಾರನೇ ದಿನ ಬೆಳಗ್ಗೆ, ಗಂಡ ಡಿಪೋಗೆ ಹೊರಡುವ ಹೊತ್ತಿಗೆ, ಓರಗಿತ್ತಿಯ ಫೋನು ಬಂತು.

"ಮಗಳ ಕಣ್ಣು ಹಳದಿಯಾಗಿದೆ ಕಣೇ. ಎರಡು ದಿನದಿಂದ ವಾಂತಿ. ಪರೀಕ್ಷೆ ಹೆದರಿಕೆಗೆ ಅಂದ್ಕೊಂಡಿದ್ದೆ. ಆಸ್ಪತ್ರೇಲಿದ್ದೀವಿ, ಹಾಸಿಗೆ ಸಿಕ್ಕಿಲ್ಲ."

ಭಾವನ ಮನೆಗೆ ನೀರು ಬರುವುದು ಯಾವ ಟ್ಯಾಂಕಿನಿಂದ ಎಂಬುದು ಅವಳಿಗೆ ಹೊಳೆದದ್ದು ಬಸ್ಸಿನಲ್ಲಿ ಕೂತ ಮೇಲೆ. ಮೂರನೆಯದು.

ಆಸ್ಪತ್ರೆಯ ಮೊಗಸಾಲೆಯ ಉದ್ದಕ್ಕೂ ಮಂಚ ಹಾಕಿದ್ದರು. ಅರವತ್ತು ಜನವೋ ಎಪ್ಪತ್ತೋ. ಎಲ್ಲರೂ ಒಂದೇ ಬಡಾವಣೆಯವರು, ಬೀದಿಯಲ್ಲಿ ಒಬ್ಬರಿಗೊಬ್ಬರು ತಲೆಯಾಡಿಸಿ ಹೋಗುವವರು ಇಲ್ಲಿ ಅಕ್ಕಪಕ್ಕ ಮಲಗಿದ್ದರು. ಭಾವನ ಮಗಳು, ಹದಿನೇಳರ ಹುಡುಗಿ, ಗೋಡೆಯ ಕಡೆ ತಿರುಗಿದ್ದಳು. "ಚಿಕ್ಕಮ್ಮ, ಊಟದ ವಾಸನೆ ಬಂದ್ರೆ ಸಾಯೋ ಹಾಗಾಗುತ್ತೆ" ಎಂದಳು. ಜರಡಿ ಅವಳ ಬೆನ್ನು ಸವರುತ್ತ ಕೂತಳು. ಹುಡುಗಿ ನಿದ್ದೆಹೋದ ಮೇಲೆ ಭಾವ ಅವಳನ್ನು ಮೆಟ್ಟಿಲ ಬಳಿಗೆ ಕರೆದರು. ಕೋರ್ಟಿನ ಕೋಟು ಇನ್ನೂ ಮೈಮೇಲಿತ್ತು. ಫೋನನ್ನು ಅವಳ ಮುಂದೆ ಹಿಡಿದರು. ಎದುರುಮಾತಿನಲ್ಲಿ 'ಮೂರನೇ ಬೆಂಚು' ಎಂಬ ಸದಸ್ಯ ಬರೆದಿದ್ದ: 'ನೀರು ಕೆಟ್ಟಿದೆ ಎಂದು ಚುನಾವಣೆಗೆ ಮೊದಲೇ ಒಬ್ಬರು ಇಲ್ಲಿ ಬರೆದಿದ್ದರು. ನಾನೇ ಓದಿದ್ದೆ. ಆಮೇಲೆ ನೋಡಿದರೆ ಇರಲಿಲ್ಲ. ಜರಡಿ ಉತ್ತರ ಕೊಡಲಿ.'

"ಹೌದಾ?" ಭಾವ ಕೇಳಿದರು.

"ಹೌದು."

"ನೀನೇ ತೆಗೆದಿದ್ದಾ?"

"ನಾನೇ, ಭಾವ."

"ಏನಿತ್ತು ಅದರಲ್ಲಿ?"

"ಕುದಿಸದೆ ಕುಡೀಬೇಡಿ ಅಂತಿತ್ತು."

ಭಾವ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೂಗಾಡುತ್ತಾರೆ ಎಂದು ಅವಳು ಕಾದಳು. ಅವರು ಕೋಟಿನ ಗುಂಡಿಯನ್ನು ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ತಪ್ಪು ನಿನ್ನೊಬ್ಬಳದೇ ಅಲ್ಲ" ಎಂದರು ಕೊನೆಗೆ. "ಕೀಲಿ ಕೊಟ್ಟು ಕೈತೊಳ್ಕೊಂಡವನು ನಾನು. ಈಗ ಒಂದು ಕೆಲಸ ಮಾಡು. ಅದು ಎಲ್ಲೋ ಇರುತ್ತಲ್ಲ?"

"ತೊಂಬತ್ತು ದಿನ ಇರುತ್ತೆ."

"ಇದ್ದದ್ದು ಇದ್ದ ಹಾಗೇ ವಾಪಸ್ ಹಾಕು. ಯಾವತ್ತು ಬರೆದದ್ದು, ಯಾವತ್ತು ತೆಗೆದದ್ದು, ಎಲ್ಲಾ ಹಾಕು. ತಪ್ಪಾಯ್ತು ಅಂತ ಬರಿ. ಕೆಳಗೆ ನನ್ನ ಹೆಸರೂ ಇರಲಿ. ನಗರಸಭೆಯೋರು ಪೈಪ್ ಒಡೆದಿತ್ತು ಅಂತ ಕತೆ ಕಟ್ತಿದ್ದಾರೆ. ಇದೊಂದು ಸಾಕು ಅವರನ್ನ ನಿಲ್ಲಿಸಿ ಕೇಳೋಕೆ."

"ಹಾಕ್ತೀನಿ, ಭಾವ."

ಹಾಕಬೇಕೆಂದೇ ಇದ್ದಳು. ಮನೆಗೆ ಬಂದು, ಕೈಕಾಲು ತೊಳೆದು, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಹಾಕುವ ಮೊದಲು ಬರೆದವನಿಗೆ ಒಂದು ಮಾತು ತಿಳಿಸುವುದು ಮರ್ಯಾದೆ ಎನ್ನಿಸಿತು. 'ನೀವು ಹೇಳಿದ್ದು ನಿಜವಾಯಿತು. ತೆಗೆದದ್ದು ನನ್ನ ತಪ್ಪು. ನಾಳೆ ನಿಮ್ಮ ಬರಹವನ್ನು ಮತ್ತೆ ಹಾಕುತ್ತೇನೆ' ಎಂದು ಬರೆದಳು. ಉತ್ತರ ಕಾದೇ ಇದ್ದಂತೆ ಬಂತು.

'ದಯವಿಟ್ಟು ಬೇಡ. ನಿಮ್ಮನ್ನು ನೋಡಿ ಮಾತಾಡಬೇಕು.'

ಏಳು ವರ್ಷದಲ್ಲಿ ಅವಳು ಯಾರಿಗೂ ತಾನು ಯಾರೆಂದು ಹೇಳಿರಲಿಲ್ಲ. ಈ ಸಲ ಲ್ಯಾಬಿನ ವಿಳಾಸ ಬರೆದಳು: ಹಿಂದಿನ ಬಾಗಿಲು, ಮಧ್ಯಾಹ್ನ ಒಂದೂವರೆ, ಆಗ ಬೇರೆಯವರು ಊಟಕ್ಕೆ ಹೋಗಿರುತ್ತಾರೆ.

ಮಾರನೆಯ ದಿನ ಬಾಗಿಲು ತಟ್ಟಿದ್ದು ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು. ಕೊರಳಲ್ಲಿ ಗುರುತಿನ ಚೀಟಿಯ ದಾರವಿತ್ತು, ಚೀಟಿಯನ್ನು ರವಿಕೆಯೊಳಗೆ ಸೇರಿಸಿದ್ದಳು. ಕೈಯಿಂದ ಬ್ಲೀಚಿಂಗ್ ಪುಡಿಯ ವಾಸನೆ ಬರುತ್ತಿತ್ತು.

"ಇಲ್ಲಿ ಜರಡಿ ಸಾರ್ ಅಂತ..."

"ನಾನೇ."

ಬಂದವಳು ಅವಳನ್ನೂ, ಬೆಂಚಿನ ಮೇಲೆ ಸಾಲಾಗಿ ಇಟ್ಟ ದವಡೆಗಳನ್ನೂ ನೋಡಿದಳು.

"ನೀವು ಬಾವಿಕಪ್ಪೆಯವರ ಕಡೆಯಿಂದ ಬಂದ್ರಾ?" ಜರಡಿ ಕೇಳಿದಳು.

"ನಾನೇ ಬಾವಿಕಪ್ಪೆ."

"ನಾನು ದೊಡ್ಡ ಮೀಸೆಯೋರು ಯಾರೋ ಅಂದ್ಕೊಂಡಿದ್ದೆ" ಎಂದಳು ಬಂದವಳು. "ನಾನೂ ಹಾಗೇ" ಎಂದಳು ಜರಡಿ. ಸ್ಟೂಲು ಎಳೆದು ಕೊಟ್ಟಳು. ಅವಳು ತುದಿಯಲ್ಲಿ ಕೂತಳು.

"ನೀರಿನ ಪರೀಕ್ಷೆ ಮಾಡೋ ಕಡೆ ಕೆಲಸ ನಂದು. ಟ್ಯಾಂಕ್ ಹತ್ರ ಹೋಗಿ ಬಾಟಲಿಗೆ ನೀರು ಹಿಡ್ಕೊಂಡ್ ಬರೋದು, ಪರೀಕ್ಷೆ ಮಾಡಿ ರಿಜಿಸ್ಟರ್‌ನಲ್ಲಿ ಬರೆಯೋದು. ಆವತ್ತು ಆರೂ ಮುಕ್ಕಾಲಿಗೆ ಹೋಗಿದ್ದು ನಾನೊಬ್ಳೇ. ನಾವಿರೋದೇ ಇಬ್ಬರು, ಇನ್ನೊಬ್ಬರು ರಜೆ ಇದ್ರು. ನೀವು ಅದನ್ನ ವಾಪಸ್ ಹಾಕಿದ್ರೆ ನಾಳೆ ಹತ್ತು ಗಂಟೆಗೆ ನನ್ನ ಒಳಗೆ ಕರೀತಾರೆ."

"ಅವರಿಗೆ ಈಗಾಗ್ಲೇ ಗೊತ್ತಿರಲ್ವಾ?"

"ಯಾರೋ ಬರೆದಿದ್ರು ಅಂತ ಗೊತ್ತು. ಓದಿದೋರಿಗೆ ನೀರು ಕುದಿಸಿ ಅಂತ ಇದ್ದಿದ್ದು ನೆನಪಿದೆ, ಟೈಮು ಯಾರಿಗೂ ನೆನಪಿಲ್ಲ. ಆ ವರದಿ ಮೂರು ಆಫೀಸು ದಾಟಿ ಹೋಗಿತ್ತು, ಮೂರರಲ್ಲೂ ಹುಡುಕ್ತಿದ್ದಾರೆ. ಟೈಮು ಇದ್ದಿದ್ದು ರಿಜಿಸ್ಟರ್‌ನಲ್ಲಿ ಮಾತ್ರ, ಆ ಹಾಳೆ ಈಗಿಲ್ಲ."

"ಟೈಮು ತೆಗೆದು ಹಾಕಲಾ?"

"ಟೈಮು ತೆಗೆದ್ರೆ ಅದರಲ್ಲಿ ಇನ್ನೇನಿದೆ ಅಕ್ಕ? ಎಲ್ಲರೂ ಬರೆಯೋ ಹಾಗೆ ಇನ್ನೊಂದು." ಅವಳು ಮೇಣದ ತುಂಡೊಂದನ್ನು ಎತ್ತಿ ಬೆರಳಲ್ಲಿ ಹೊರಳಿಸಿದಳು. "ನಂಬಲಿ ಅಂತಾನೇ ಬರೆದಿದ್ದು ಅದನ್ನ."

ಗೋಡೆಯ ಮೇಲಿನ ಫ್ಯಾನು ತಿರುಗುತ್ತಿತ್ತು. ಜರಡಿ ಸ್ಟೂಲಿನ ಹತ್ತಿರಕ್ಕೆ ಬಾಗಿ ಹೇಳಿದಳು. "ಈಗ ನೀವು ಎದುರಿಗೆ ಬಂದು ಹೇಳಿದ್ರೆ ಅವರು ಸಿಕ್ಕಿಬೀಳ್ತಾರೆ. ಜನ ನಿಮ್ಮ ಹಿಂದೆ ನಿಲ್ತಾರೆ. ನಮ್ಮ ಭಾವ ವಕೀಲರು, ಅವರೂ ನಿಲ್ತಾರೆ."

"ಗೊತ್ತು." ಬಾವಿಕಪ್ಪೆ ಸಿಟ್ಟಾಗಲಿಲ್ಲ. "ನಿಲ್ತಾರೆ, ಒಂದು ತಿಂಗಳು. ನನಗೆ ಇನ್ನು ನಾಲ್ಕು ತಿಂಗಳಲ್ಲಿ ಕೆಲಸ ಕಾಯಂ ಮಾಡೋದು ಅಂತ ಇದೆ. ಎಂಟು ವರ್ಷ ಆಯ್ತು ಕಾಯ್ತಾ. ಮನೇಲಿ ದುಡಿಯೋಳು ನಾನೊಬ್ಳು. ಆವತ್ತು ಇದೆಲ್ಲಾ ಗೊತ್ತಿತ್ತು ಅಕ್ಕ. ಗೊತ್ತಿದ್ದೂ ಬೆಳಗ್ಗೆಯಿಂದ ಕೂತು ಧೈರ್ಯ ತಂದ್ಕೊಂಡೆ. ನಾಲ್ಕು ವಾಕ್ಯ ಬರೆಯೋಕೆ ಮೂರು ಗಂಟೆ ಹಿಡೀತು. ಹನ್ನೊಂದು ನಿಮಿಷ ಇತ್ತು. ನೀವು ತೆಗೆದಾಗ ಏನನ್ನಿಸ್ತು ಗೊತ್ತಾ? ಸದ್ಯ, ಬದುಕ್ಕೊಂಡೆ ಅನ್ನಿಸ್ತು. ಇನ್ನೊಂದು ಕಡೆ ಬರೀಬಹುದಿತ್ತು. ಪತ್ರಿಕೆಗೆ ಹೇಳಬಹುದಿತ್ತು. ಬರೀಲಿಲ್ಲ, ಹೇಳಲಿಲ್ಲ. ಹೇಳಿದ್ನಲ್ಲ, ತೆಗೆದ್ರಲ್ಲ ಅಂತ ಸುಮ್ಮನಾದೆ."

ಬಾವಿಕಪ್ಪೆ ಮೇಣದ ತುಂಡನ್ನು ಇನ್ನೊಂದು ಕೈಗೆ ದಾಟಿಸಿದಳು.

"ಇನ್ನೊಂದು ಸಲ ಆಗಲ್ಲ ನನ್ನ ಕೈಲಿ. ಇದ್ದದ್ದು ಅಷ್ಟೇ."

"ನಮ್ಮ ಭಾವನ ಮಗಳು ಆಸ್ಪತ್ರೇಲಿ ಮಲಗಿದ್ದಾಳೆ" ಎಂದಳು ಜರಡಿ. ಹೇಳಬಾರದೆಂದಿದ್ದಳು, ಬಾಯಿಂದ ಬಂದುಬಿಟ್ಟಿತು.

ಬಾವಿಕಪ್ಪೆ ತಲೆಯೆತ್ತಿದಳು. "ಊಟ ಸೇರುತ್ತಾ?"

"ಇಲ್ಲ."

"ಮೂರು ವಾರ ಸೇರಲ್ಲ. ಸಕ್ಕರೆ ನೀರು ಕೊಡಿ, ಎಣ್ಣೆ ಬೇಡ." ಎದ್ದು ನಿಂತಳು. ಮೇಣದ ತುಂಡನ್ನು ಎಲ್ಲಿಂದ ಎತ್ತಿದ್ದಳೋ ಅಲ್ಲೇ ಇಟ್ಟಳು. ಬಾಗಿಲ ಬಳಿ ತಿರುಗಿ, "ನಿಮಗೆ ತೊಂದರೆ ಆಗುತ್ತೆ ಅಂತ ಗೊತ್ತು. ಬೈತಾರೆ" ಎಂದಳು.

"ಅದು ಅಭ್ಯಾಸ ಇದೆ" ಎಂದಳು ಜರಡಿ.

ಆ ಮಧ್ಯಾಹ್ನ ಅವಳು ಮೂರು ಸೆಟ್ಟು ಹಲ್ಲು ಕಟ್ಟಿದಳು. ಮೂರರಲ್ಲೂ ಮೇಲಿನದು ಕೆಳಗಿನದು ಕೂಡಲಿಲ್ಲ. ಮೇಣ ಕರಗಿಸಿ ಮತ್ತೆ ಕೂರಿಸಿದಳು. ಭಾವನೊಬ್ಬರಿಗೆ ಗುಟ್ಟಾಗಿ ಹೇಳಿಬಿಡಲೇ ಎಂದು ಹತ್ತು ಸಲ ಯೋಚಿಸಿದಳು. ಭಾವ ಕೆಟ್ಟವರಲ್ಲ. ಆದರೆ ನಿಜವೊಂದು ಕೈಗೆ ಸಿಕ್ಕರೆ ಅದನ್ನು ಜೇಬಿನಲ್ಲಿಟ್ಟುಕೊಂಡು ಕೂರುವ ಜಾಯಮಾನ ಅವರದಲ್ಲ. ಅರ್ಜಿ ಹಾಕುತ್ತಾರೆ, ಸಾಕ್ಷಿಗೆ ಕರೆಸುತ್ತಾರೆ, ಬಾವಿಕಪ್ಪೆಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ಮನಸಾರೆ ನಂಬಿಕೊಂಡು ಅವಳನ್ನು ಕಟಕಟೆಗೆ ಹತ್ತಿಸುತ್ತಾರೆ. ಬಾವಿಕಪ್ಪೆಯ ಮಾತನ್ನು ತಾನು ಒಮ್ಮೆ ಅವಳ ಒಪ್ಪಿಗೆಯಿಲ್ಲದೆ ತೆಗೆದದ್ದಾಯಿತು. ಒಪ್ಪಿಗೆಯಿಲ್ಲದೆ ಹಾಕುವುದೂ ಅದೇ ಜಾತಿಯ ಕೆಲಸ. ಹಾಕದಿದ್ದರೆ ವರದಿ ತಿದ್ದಿದವರು ಹಾಯಾಗಿರುತ್ತಾರೆ. ಎರಡರಲ್ಲಿ ಯಾವುದು ಹೆಚ್ಚು ತಪ್ಪು ಎಂದು ತೂಗಿ ನೋಡುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಆ ಹೆಂಗಸು ಸ್ಟೂಲಿನ ತುದಿಯಲ್ಲಿ ಕೂತ ರೀತಿ ಮಾತ್ರ ಕಣ್ಣ ಮುಂದಿತ್ತು.

ಐದು ಗಂಟೆಗೆ, ಬೆಂಚು ಒರೆಸಿದ ಮೇಲೆ, ಅವಳು ತೆಗೆದ ಬರಹಗಳ ಪಟ್ಟಿ ತೆರೆದಳು. ಬಾವಿಕಪ್ಪೆಯದು ಅಲ್ಲಿತ್ತು, ನಾಲ್ಕು ವಾಕ್ಯ. ಅದರ ಜೊತೆಗೆ ಬಾವಿಕಪ್ಪೆಯ ಈಮೇಲ್, ಅವರಿಬ್ಬರ ನಡುವಿನ ಪತ್ರಗಳು. ನಾಳೆ ಯಾರಾದರೂ ನೋಟೀಸು ಹಿಡಿದು ಬಂದರೂ ಸಿಗಬಾರದು. ಶಾಶ್ವತವಾಗಿ ಅಳಿಸಬೇಕೆ ಎಂದು ಕೇಳಿತು. ಹೌದು. ಮರಳಿ ಪಡೆಯಲಾಗುವುದಿಲ್ಲ, ಖಚಿತವೇ ಎಂದು ಮತ್ತೆ ಕೇಳಿತು. ಈ ಯಂತ್ರ ಎರಡು ಸಲ ಕೇಳುತ್ತದೆ, ಆವತ್ತು ನಾನು ಒಂದೇ ಸಲ ಕೇಳಿದೆ ಎಂದುಕೊಳ್ಳುತ್ತ ಹೌದು ಎಂದಳು.

ಆಮೇಲೆ ಎಲ್ಲರಿಗೂ ಕಾಣುವಂತೆ ಬರೆದಳು: 'ನೀರಿನ ಬಗ್ಗೆ ಬಂದಿದ್ದ ಬರಹವನ್ನು ತೆಗೆದದ್ದು ನಾನು. ತೆಗೆದದ್ದು ತಪ್ಪು. ಅದು ಈಗ ಎಲ್ಲಿಯೂ ಇಲ್ಲ. ಅದನ್ನು ಮತ್ತೆ ಹಾಕುವುದಿಲ್ಲ. ಕಾರಣ ಹೇಳಲಾರೆ.'

ಮೊದಲ ಒಂದು ಗಂಟೆಯಲ್ಲಿ ಮುನ್ನೂರು ಉತ್ತರ ಬಂದವು. ಎಷ್ಟು ತಿಂದೆ ಎಂದರು. ಆಸ್ಪತ್ರೆಯ ಫೋಟೋ ಹಾಕಿ, ಮಕ್ಕಳ ಪಾಪ ಸುಮ್ಮನೆ ಬಿಡುವುದಿಲ್ಲ ಎಂದರು. ಕೆಲವರು ಜರಡಿಯ ಹೆಂಡತಿಯನ್ನು ಎಳೆದು ತಂದರು. ಹಳೆಯ ಸದಸ್ಯರೊಬ್ಬರು, ಯಾವತ್ತೂ ಒಂದು ಕೆಟ್ಟ ಮಾತಾಡದವರು, 'ನಿಮ್ಮ ಮೇಲೆ ನನಗೆ ನಂಬಿಕೆ ಇತ್ತು' ಎಂದಷ್ಟೇ ಬರೆದಿದ್ದರು. ಬೈಗುಳಕ್ಕಿಂತ ಅದೇ ಚುಚ್ಚಿತು. ಅವಳ ಪರವಾಗಿ ಇದ್ದ ನಾಲ್ಕಾರು ಜನ ಬೈಗುಳಗಳ ಮೇಲೆ ದೂರು ಕಳಿಸುತ್ತಲೇ ಇದ್ದರು. ಅವಳು ಒಂದನ್ನೂ ತೆಗೆಯಲಿಲ್ಲ.

ಗಂಡ ಡಿಪೋದಿಂದ ಬಂದವನು ಅವಳ ಬೆನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ಓದಿದ. ಕೈಗೆ ಅಂಟಿದ ಗ್ರೀಸನ್ನು ಬಟ್ಟೆಯಿಂದ ಉಜ್ಜುತ್ತಿದ್ದ.

"ನನಗೂ ಹೇಳೋ ಹಾಗಿಲ್ವಾ?"

"ಇಲ್ಲ."

"ಸರಿ ಬಿಡು. ಹಲ್ಲು ಕಚ್ಕೊಂಡಿರು. ನಿನಗೇನು ಹಲ್ಲಿಗೆ ಬರವಾ" ಎಂದು ಒಳಗೆ ಹೋದ. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು. ಅಳುವುದಕ್ಕೂ ಬೇಸರವಾಗಿ ಎದ್ದು ಅನ್ನಕ್ಕೆ ಇಟ್ಟಳು.

ಭಾವ ಫೋನು ಮಾಡಲಿಲ್ಲ. ಮಾರನೆಯ ಬೆಳಗ್ಗೆ ಅವಳೇ ಆಸ್ಪತ್ರೆಗೆ ಹೋದಳು. ಹುಡುಗಿಗೆ ಒಳಗಿನ ವಾರ್ಡಿನಲ್ಲಿ ಹಾಸಿಗೆ ಸಿಕ್ಕಿತ್ತು. ಭಾವ ಮೊಗಸಾಲೆಯ ಬೆಂಚಿನಲ್ಲಿ ಕೂತಿದ್ದರು. ಇವಳನ್ನು ಕಂಡು ಸರಿದು ಜಾಗ ಮಾಡಲಿಲ್ಲ. ಅವಳು ನಿಂತೇ ಇದ್ದಳು.

"ಹಾಕ್ತೀನಿ ಅಂದಿದ್ದೆ."

"ಅಂದಿದ್ದೆ."

"ಈಗ ಎಲ್ಲೂ ಇಲ್ಲ ಅಂತ ಬರೆದಿದ್ದೀಯ. ಯಾರು ಅಳಿಸಿದ್ದು?"

"ನಾನೇ."

"ಯಾರನ್ನ ಕಾಪಾಡ್ತಿದ್ದೀಯ?"

ಅವಳು ನೆಲ ನೋಡಿದಳು. ಭಾವನ ಧ್ವನಿ ತಗ್ಗಿತು, ಕೋರ್ಟಿನಲ್ಲಿ ಸಾಕ್ಷಿಯನ್ನು ಹತ್ತಿರ ಕರೆಯುವಾಗ ತಗ್ಗುವ ಹಾಗೆ. "ನಗರಸಭೆಯೋರು ಯಾರಾದ್ರೂ ಮಾತಾಡಿಸಿದ್ರಾ ನಿನ್ನ? ಹೆದರಿಸಿದ್ರಾ?"

"ನಿಮಗೆ ಹಾಗನ್ನಿಸುತ್ತಾ, ಭಾವ?"

"ಅನ್ನಿಸದ ಹಾಗೆ ಒಂದು ಮಾತು ಹೇಳು. ಒಂದೇ ಒಂದು ಮಾತು."

"ಆಗಲ್ಲ."

ಒಳಗೆ ಯಾರೋ ವಾಂತಿ ಮಾಡಿಕೊಳ್ಳುವ ಸದ್ದು, ನರ್ಸೊಬ್ಬಳು ಓಡಿದ ಸದ್ದು. ಭಾವ ಕನ್ನಡಕ ತೆಗೆದು ಒರೆಸಿದರು. ಬರೇ ಕಣ್ಣಿನಲ್ಲಿ ಅವರು ತುಂಬ ವಯಸ್ಸಾದವರಂತೆ ಕಂಡರು.

"ನಿನ್ನ ಜಾಗದಲ್ಲಿ ಬೇರೆ ಯಾರಾದ್ರೂ ಇದ್ದಿದ್ರೆ ನಾನು ಏನು ಬರೀತಿದ್ದೆ ಅಂತ ನಿನಗೆ ಗೊತ್ತು. ಬಾಯಿ ಮುಚ್ಚಿಸಿದೋರು ಕಾರಣ ಹೇಳಲೇಬೇಕು ಅಂತ ಬರೀತಿದ್ದೆ. ತಮ್ಮನ ಹೆಂಡತಿ ಅಂತ ಬರೀದೆ ಕೂತಿದ್ದೀನಿ. ಅದೂ ಒಂದು ಬಾಯಿ ಮುಚ್ಕೊಂಡ ಹಾಗೇ." ಕನ್ನಡಕ ಹಾಕಿಕೊಂಡರು. "ಕೀಲಿ ಕೊಡು."

ಅವಳು ಚೀಲದಿಂದ ಚೀಟಿ ತೆಗೆದಳು. ಮನೆಯಿಂದ ಬರುವಾಗಲೇ ಪಾಸ್‌ವರ್ಡ್ ಬರೆದು ತಂದಿದ್ದಳು. ಭಾವ ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡರು, ನೋಡಲಿಲ್ಲ. ಅವಳು ಒಳಗೆ ಹೋಗಿ ಹುಡುಗಿಗೆ ಸಕ್ಕರೆ ನೀರು ಕುಡಿಸಿ ಬಂದಳು. ಹೊರಗೆ ಬಂದಾಗ ಬೆಂಚು ಖಾಲಿಯಿತ್ತು.

ಮುಂದಿನ ವಾರ ಭಾವ ತಾಣವನ್ನು ಮುಚ್ಚಲಿಲ್ಲ. ಜರಡಿಯನ್ನು ತೆಗೆದುಹಾಕಲಾಗಿದೆ ಎಂದು ಒಂದು ಸಾಲು ಬರೆದರು, ನಿಯಮವನ್ನೂ ಕಿತ್ತುಹಾಕಿದರು. ಎರಡೇ ದಿನದಲ್ಲಿ ಯಾರೋ ವಾಲ್ವು ತಿರುಗಿಸುವ ನೌಕರನೊಬ್ಬನ ಹೆಸರು, ಮನೆ ನಂಬರು ಹಾಕಿ ಇವನೇ ನೀರಿಗೆ ವಿಷ ಬೆರೆಸಿದವನು ಎಂದು ಬರೆದರು. ಅದು ಮೂರು ಗಂಟೆ ಇತ್ತು. ಆಮೇಲೆ ಇರಲಿಲ್ಲ. ತೆಗೆದವರು ಯಾರು ಎಂದು ಹೇಳಬೇಕಾಗಿರಲಿಲ್ಲ. ಕೀಲಿ ಈಗ ಯಾರ ಜೇಬಿನಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಗೆದ್ದೆ ಎಂದೇನೂ ಅನ್ನಿಸಲಿಲ್ಲ. ಆ ಮೂರು ಗಂಟೆ ಭಾವ ಹೇಗೆ ಕೂತಿದ್ದಿರಬಹುದು ಎಂದಷ್ಟೇ ಯೋಚನೆ ಬಂತು.

ಭಾನುವಾರ ಓರಗಿತ್ತಿಯ ಫೋನು ಬಂತು.

"ನಿಮ್ಮ ಭಾವನ ಕೋಪ ನಿಮ್ಮ ಭಾವನಿಗಿರಲಿ. ನಾಳೆ ಮಗಳನ್ನ ಮನೆಗೆ ಕಳಿಸ್ತಾರಂತೆ, ಮನೇಲಿ ಒಂದು ತೊಟ್ಟು ಒಳ್ಳೇ ನೀರಿಲ್ಲ. ಇವತ್ತು ಹತ್ತು ಗಂಟೆಗೆ ಬೀದಿಗೆ ಟ್ಯಾಂಕರ್ ಬರುತ್ತೆ. ನಾನು ಇಲ್ಲಿಂದ ಅಲ್ಲಾಡೋ ಹಾಗಿಲ್ಲ. ಹೋಗಿ ನಿಲ್ತೀಯಾ?"

"ನಿಲ್ತೀನಿ, ಅಕ್ಕ."

"ಕೀಲಿ ಪಕ್ಕದ ಮನೆಯೋರ ಹತ್ರ ಇದೆ." ಆಮೇಲೆ, "ಯಾಕೆ ಮಾಡಿದೆ ಅಂತ ನಾನು ಕೇಳಲ್ಲ. ಕೇಳಿದ್ರೆ ನೀನು ಹೇಳಿಬಿಟ್ರೆ ಕಷ್ಟ" ಎಂದು ಫೋನಿಟ್ಟಳು.

ಸಾಲು ಮೂಲೆಯ ಔಷಧಿ ಅಂಗಡಿಯವರೆಗೆ ಬೆಳೆದಿತ್ತು. ಜರಡಿ ಎರಡು ಕ್ಯಾನು ಹಿಡಿದು ಕೊನೆಯಲ್ಲಿ ನಿಂತಳು. ಮುಂದಿನವರು ಒಂದು ಹೆಜ್ಜೆ ಸರಿದಾಗಲೆಲ್ಲ ಖಾಲಿ ಕ್ಯಾನುಗಳನ್ನು ಕಾಲಿನಿಂದ ತಳ್ಳುತ್ತಿದ್ದರು. ರಸ್ತೆಯುದ್ದಕ್ಕೂ ಪ್ಲಾಸ್ಟಿಕ್ ಉಜ್ಜುವ ಸದ್ದು. ಬಿಸಿಲು ಏರುತ್ತಿತ್ತು. ಅವಳ ಹಿಂದೆ ಬಂದು ನಿಂತ ಇಬ್ಬರು ಎದುರುಮಾತಿನ ವಿಷಯವನ್ನೇ ಮಾತಾಡುತ್ತಿದ್ದರು.

"ಅವನ ಕೈಗೆ ಹುಳ ಬೀಳಲಿ ಅಂತೀನಿ. ಒಂದು ಮಾತು ಬಿಟ್ಟಿದ್ರೆ ನಮ್ಮ ಮನೆಯೋರು ಮಲಗ್ತಿರಲಿಲ್ಲ."

"ನಗರಸಭೆಯಿಂದ ಮನೆ ಕಟ್ಟಿಸ್ಕೊಟ್ಟಿದ್ದಾರಂತೆ ಅವನಿಗೆ."

"ಹೌದಾ?"

"ಹಾಗಂತಾರೆ."

ಮುಂದೆ ನಿಂತಿದ್ದ ಮುದುಕರೊಬ್ಬರು ತಿರುಗಿ ಇವಳನ್ನು ನೋಡಿದರು. ಕಣ್ಣಿನ ಬಿಳಿಭಾಗ ಇನ್ನೂ ಹಳದಿಯಾಗಿತ್ತು. ಮಾತಾಡುವಾಗ ಮೇಲಿನ ಹಲ್ಲಿನ ಸೆಟ್ಟು ಸ್ವಲ್ಪ ಜಾರುತ್ತಿತ್ತು. ಕಾಯಿಲೆಯಲ್ಲಿ ಒಸಡು ಇಳಿದಿರಬೇಕು ಎಂದು ಅವಳ ಕಣ್ಣು ತಾನಾಗಿ ಲೆಕ್ಕ ಹಾಕಿತು.

"ನೀವೂ ಓದ್ತೀರೇನಮ್ಮ, ಅದನ್ನ?"

"ಓದ್ತಿದ್ದೆ. ಈಗಿಲ್ಲ."

"ನಾನು ಬರೀತಿದ್ದೆ. ಆ ಜರಡಿ ನಂದೂ ಎರಡು ಸಲ ತೆಗೆದಿದ್ದಾನೆ. ಎರಡು ಸಲಾನೂ ಸರಿಯಾಗೇ ತೆಗೆದಿದ್ದ, ನಾನು ಸ್ವಲ್ಪ ಜಾಸ್ತಿ ಮಾತಾಡಿದ್ದೆ." ಮುದುಕರು ನಾಲಗೆಯಿಂದ ಸೆಟ್ಟನ್ನು ಒತ್ತಿ ಕೂರಿಸಿಕೊಂಡರು. "ಈ ಸಲ ಯಾಕೆ ಅಂತ ಹೇಳಬೇಕಿತ್ತು. ಅಷ್ಟೇ. ಎದುರಿಗೆ ಸಿಕ್ಕಿದ್ರೆ ಅದೊಂದು ಕೇಳ್ತಿದ್ದೆ."

ಅವಳಿಗೆ ಉತ್ತರಿಸಬೇಕೆನ್ನಿಸಿತು. ಸಾಲು ಮುಂದೆ ಹೋಯಿತು. "ನಿಮ್ಮ ಕ್ಯಾನು ಕೊಡಿ, ನಾನು ಹಿಡ್ಕೋತೀನಿ, ನೀವು ನೆರಳಿಗೆ ನಿಂತ್ಕೊಳ್ಳಿ" ಎಂದಳು. ಮುದುಕರು ಕೊಟ್ಟರು.

ಮೂರು ಕ್ಯಾನು ತುಂಬಲು ಬಹಳ ಹೊತ್ತು ಹಿಡಿಯಿತು. ಮುದುಕರದನ್ನು ಅವರ ಬಾಗಿಲಿಗೆ ಇಟ್ಟು, ತನ್ನೆರಡನ್ನು ಎತ್ತಿಕೊಂಡು ಭಾವನ ಮನೆಯ ಮೆಟ್ಟಿಲು ಹತ್ತಿದಳು. ಮನೆ ಮೂರನೇ ಮಹಡಿಯಲ್ಲಿತ್ತು. ಎರಡನೆಯದರ ತಿರುವಿನಲ್ಲಿ ಬೆರಳು ಬಿಳಿಚಿಕೊಂಡು, ಎರಡನ್ನೂ ಕೆಳಗಿಟ್ಟಳು. ಒಳಗೆ ನೀರು ಆ ಕಡೆ ಈ ಕಡೆ ತುಯ್ಯುತ್ತ ಕ್ಯಾನಿನ ಗೋಡೆಗೆ ಬಡಿಯುತ್ತಿತ್ತು. ಅದು ನಿಲ್ಲುವವರೆಗೂ ನಿಂತಿದ್ದು, ಬೆರಳು ಉಜ್ಜಿಕೊಂಡು ಮತ್ತೆ ಎತ್ತಿಕೊಂಡಳು.